ಹಗೇವು ಮತ್ತು ಹಣತೆ

ಹದಿನೆಂಟರ ಪ್ರಾಯದಲ್ಲಿ ಎಂಬತ್ತರ ಚಿಂತೆ ಯಾರಿಗೂ ಬಾರದು; ಬರಬೇಕಾಗಿಯೂ ಇಲ್ಲ. ಆದರೆ ವಿದ್ಯಾರ್ಥಿಯು ಅರಿಯಲಿ, ಅರಿಯದಿರಲಿ, ಅವನ ಶರೀರವು ಆಗಲೇ ಮುಂದಿನ ದಿನಗಳ ಲೆಕ್ಕವನ್ನು ಬರೆಯತೊಡಗಿರುತ್ತದೆ. ಈ ಲೆಕ್ಕ ಒಂದೇ ಬಗೆಯದಲ್ಲವೆಂಬುದೇ ಸ್ವಾರಸ್ಯ. ಕೆಲವು ಅಂಗಗಳು ನಮ್ಮ ಹಳ್ಳಿಗಳ ಹಗೇವಿನಂತೆ. ಸುಗ್ಗಿಯಲ್ಲಿ ತುಂಬಿದ ರಾಗಿಯನ್ನು ವರ್ಷಗಟ್ಟಲೆ ಕಾದಿಡುತ್ತವೆ. ಮತ್ತೆ ಕೆಲವು ಹಣತೆಯಂತೆ; ನಿನ್ನೆ ಎಷ್ಟು ಎಣ್ಣೆ ಎರೆದಿದ್ದರೂ ಇಂದು ಮತ್ತೆ ಎರೆಯಲೇಬೇಕು.

ಹಗೇವಿನ ಜಾತಿಗೆ ಸೇರಿದುದು ಮೂಳೆ. ಅದನ್ನು ಜಡವಸ್ತುವೆಂದು ಭಾವಿಸುವುದು ತಪ್ಪು. ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಅದರಲ್ಲಿ ಎಡೆಬಿಡದೆ ದುಡಿಯುತ್ತಿರುತ್ತವೆ. ಬೆಳೆಯುವ ಪ್ರಾಯದಲ್ಲಿ ಕಟ್ಟುವವುಗಳ ಕೈ ಮೇಲು. ಮೂಳೆಯ ಬಹುಪಾಲು ಇಪ್ಪತ್ತರೊಳಗೇ ಸಂಗ್ರಹವಾಗುತ್ತದೆ. ಮೂವತ್ತರ ಸುಮಾರಿಗೆ ಹಗೇವಿನ ಬಾಯಿ ಮುಚ್ಚಿದಂತೆಯೇ. ಅನಂತರ ನಿಧಾನವಾಗಿ ವ್ಯಯ. ಸ್ತ್ರೀಯರಲ್ಲಿ ಮುಟ್ಟು ನಿಂತ ಬಳಿಕ ಕೆಲವು ವರ್ಷ ಶೀಘ್ರವಾಗಿಯೇ ವ್ಯಯ. ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ನಾವು ಪಾಚಿಯನ್ನು ದೂರುತ್ತೇವೆ. ಆಕೆಯ ಹದಿನಾರನೆಯ ವರ್ಷ ಹೇಗಿತ್ತೆಂದು ಯಾರೂ ಕೇಳುವುದಿಲ್ಲ.

ಫಿನ್ಲೆಂಡಿನ ಸಂಶೋಧಕರು ಟೆನಿಸ್ ಮತ್ತು ಸ್ಕ್ವಾಷ್ ಆಟಗಾರ್ತಿಯರ ಎರಡು ತೋಳುಗಳನ್ನೂ ಹೋಲಿಸಿ 1995ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆಯೇ ಹೆಚ್ಚು ಪುಷ್ಟವಾಗಿತ್ತು. ಋತುಮತಿಯಾಗುವುದಕ್ಕೆ ಮೊದಲೇ ಆಟವನ್ನು ಆರಂಭಿಸಿದವರಲ್ಲಿ ಈ ವ್ಯತ್ಯಾಸವು ತಡವಾಗಿ ಆರಂಭಿಸಿದವರಿಗಿಂತ ಸುಮಾರು ಎರಡು ಪಟ್ಟು. ಒಬ್ಬಳದೇ ದೇಹ, ಒಂದೇ ಊಟ. ಆದರೂ ಒಂದು ತೋಳು ಬೇರೆ, ಇನ್ನೊಂದು ಬೇರೆ! ಊಟದ ಮಾತು ಬಂದಿತಾದ್ದರಿಂದ ಹೇಳುತ್ತೇನೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಪಟ್ಟಣದ ಹಾಸ್ಟೆಲಿಗೆ ಬಂದೊಡನೆ ಮುದ್ದೆಯನ್ನು ಕಂಡು ನಾಚುವ ತರುಣರು ಇದನ್ನು ಗಮನಿಸಬೇಕು.

ಹೃದಯವಾದರೋ ಹಣತೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಲಂಡನ್ನಿನ ಬಸ್ಸು. ಜೆರಿಮಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಸಾರಿಗೆಯ ಸುಮಾರು 31,000 ನೌಕರರನ್ನು ಪರಿಶೀಲಿಸಿ 1953ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಚಾಲಕರಲ್ಲಿ ವರ್ಷಕ್ಕೆ ಸಾವಿರಕ್ಕೆ 2.7ರಷ್ಟು ಮಂದಿ ಹೃದ್ರೋಗಕ್ಕೆ ತುತ್ತಾಗುತ್ತಿದ್ದರೆ, ಎರಡಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ಮತ್ತೆ ಮತ್ತೆ ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಆ ಪ್ರಮಾಣ 1.9 ಮಾತ್ರ. ಆದರೆ ಮಾರಿಸರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಸಂಸ್ಥೆಯು ಹೊಲಿಸಿಕೊಟ್ಟ ಷರಾಯಿಗಳ ಅಳತೆಯನ್ನು ತೆಗೆಸಿ ನೋಡಿದರು. ಚಿಕ್ಕ ಪ್ರಾಯದ ಚಾಲಕರ ಸೊಂಟವೂ ಕಂಡಕ್ಟರುಗಳದಕ್ಕಿಂತ ದಪ್ಪ! ಅಂದರೆ, ಕೆಲಸಕ್ಕೆ ಸೇರುವಾಗಲೇ ಇವರು ಬೇರೆ ಬಗೆಯವರಿದ್ದಿರಬಹುದಷ್ಟೆ. ತಮ್ಮ ಸಿದ್ಧಾಂತಕ್ಕೆ ತಾವೇ ಒಡ್ಡಿದ ಈ ಆಕ್ಷೇಪವನ್ನು ಅವರು 1956ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಮುಂದೆ ಸರಕಾರಿ ಗುಮಾಸ್ತರ ಪರಿಶೀಲನೆಯಲ್ಲಿ, ಬಿಡುವಿನಲ್ಲಿ ಚೆನ್ನಾಗಿ ಬೆವರಿಳಿಸುವವರಿಗೆ ಹೃದಯಾಘಾತ ಕಡಿಮೆಯೆಂಬುದು ಮತ್ತೊಮ್ಮೆ ಕಂಡುಬಂದಿತು.

ಹಾಗಾದರೆ ಕಾಲೇಜಿನ ಪಂದ್ಯಗಳಲ್ಲಿ ಗೆದ್ದ ಬಟ್ಟಲುಗಳ ಗತಿಯೇನು? ರಾಲ್ಫ್ ಪಾಫೆನ್‌ಬಾರ್ಜರ್ ಎಂಬ ವಿಜ್ಞಾನಿ ಹಾರ್ವರ್ಡಿನ ಸುಮಾರು 17,000 ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿ 1978ರಲ್ಲಿ ಉತ್ತರ ಕೊಟ್ಟರು. ಅಂದಿನ ಕ್ರೀಡಾಪಟು ಇಂದು ಆರಾಮಕುರ್ಚಿ ಹಿಡಿದಿದ್ದರೆ ಹಳೆಯ ಗೆಲುವು ಅವನ ಹೃದಯವನ್ನು ಕಾಯದು. ಅಂದು ಮೈದಾನದತ್ತ ಸುಳಿಯದವನು ಈಗ ಚಟುವಟಿಕೆಯಿಂದಿದ್ದರೆ ಅವನಿಗೆ ರಕ್ಷಣೆಯುಂಟು. ಅಭ್ಯಾಸ ನಿಂತ ಕೆಲವೇ ವಾರಗಳಲ್ಲಿ ಹೃದಯದ ಕಸುವು ಇಳಿಯತೊಡಗುತ್ತದೆ. ಮೂವತ್ತು ದಾಟಿ ನಿರಾಶರಾದವರಿಗೆ ಇದು ಶುಭವಾರ್ತೆ; ಹಳೆಯ ಪಾರಿತೋಷಕಗಳನ್ನು ನಂಬಿ ಕುಳಿತವರಿಗೆ ಅಷ್ಟಾಗಿ ಅಲ್ಲ.

ಸ್ನೇಹವೂ ಹಣತೆಯ ಜಾತಿಯದೇ ಎಂದು ನನಗೆ ತೋರುತ್ತದೆ. ಅದೇ ವಿಶ್ವವಿದ್ಯಾನಿಲಯದಲ್ಲಿ 1938ರಲ್ಲಿ 268 ವಿದ್ಯಾರ್ಥಿಗಳನ್ನು ಆರಿಸಿಕೊಂಡು ಆರಂಭಿಸಿದ ಅಧ್ಯಯನವೊಂದು ಅವರನ್ನು ಮುಪ್ಪಿನವರೆಗೂ ಹಿಂಬಾಲಿಸಿತು. ಐವತ್ತರಲ್ಲಿ ತಮ್ಮವರೊಡನೆ ನೆಮ್ಮದಿಯಿಂದ ಇದ್ದವರೇ ಎಂಬತ್ತರಲ್ಲಿಯೂ ಹೆಚ್ಚು ಆರೋಗ್ಯವಂತರಾಗಿದ್ದರು.

ಮಾರಿಸರು ತಮ್ಮ ಮಾತನ್ನು ತಾವೇ ಆಚರಿಸಿದವರು. 1960ರ ದಶಕದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಯಲಿನಲ್ಲಿ ಕೋಟನ್ನು ಕಳಚಿ ಮಕ್ಕಳ ಕೈಗೆ ಕೊಟ್ಟು ಓಡುತ್ತಿದ್ದ ಈ ಪ್ರಾಧ್ಯಾಪಕರನ್ನು ಕಂಡು ಜನ ಹುಚ್ಚನೆಂದುಕೊಂಡರಂತೆ. ಅವರು ತೀರಿಕೊಂಡದ್ದು 2009ರಲ್ಲಿ. ಆಗ ಅವರಿಗೆ ತೊಂಬತ್ತೊಂಬತ್ತು ವರ್ಷ.