ಬಾಬಿನ್ ಖಾಲಿಯಾದಾಗ ಒಂದು ನಿಮಿಷ

ನಾಳೆ ಶಾಲೆ ಶುರು. ಬಳ್ಳಾರಿಯ ಒಂದು ಪುಟ್ಟ ಮನೆಯಲ್ಲಿ ಪಡಸಾಲೆಯೇ ಹೊಲಿಗೆಯ ಕೋಣೆ. ಮಕ್ಕಳು ಓದುವುದೂ ಅಲ್ಲೇ, ರಾತ್ರಿ ಚಾಪೆ ಹಾಸುವುದೂ ಅಲ್ಲೇ. ಹಗಲೆಲ್ಲ ಜೀನ್ಸ್ ಪ್ಯಾಂಟು ಹೊಲಿದ ತಾಯಿ ಸಂಜೆ ಅದೇ ಮೇಜಿನ ಮೇಲೆ ಮಗನ ಬಿಳಿ ಅಂಗಿಗೆ ಗುಂಡಿ ಹಚ್ಚಿ ಮಡಚಿಡುತ್ತಾಳೆ. ಬೆಳಗ್ಗೆ ನೋಡಿದರೆ ಅಂಗಿಯ ಬೆನ್ನಿಗೆ ಅಂಗೈ ಅಗಲದ ನೀಲಿ ಕಲೆ! "ಯವ್ವಾ, ಇದನ್ನ ಹಾಕ್ಕೊಂಡು ಸಾಲಿಗೆ ಹೆಂಗ ಹೋಗ್ಲಿ?" ಎಂದು ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು ನಿಲ್ಲುತ್ತಾನೆ.

ಶಾಯಿ ಚೆಲ್ಲಿರಲಿಲ್ಲ. ಹಾಗಾದರೆ ಕಲೆ ಬಂದದ್ದೆಲ್ಲಿಂದ?

ಜೀನ್ಸ್ ಬಟ್ಟೆಯಲ್ಲಿ ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಬಿಳಿ. ಇಂಡಿಗೊ ಎಂಬ ಈ ನೀಲಿ ನೀರಿನಲ್ಲಿ ಕರಗುವುದಿಲ್ಲ. ರಾಸಾಯನಿಕಗಳ ನೆರವಿನಿಂದ ಅದನ್ನು ಕರಗುವ ರೂಪಕ್ಕೆ ತಂದು ನೂಲನ್ನು ಅದ್ದಿ ಮೇಲೆತ್ತುತ್ತಾರೆ. ಗಾಳಿಯ ಆಮ್ಲಜನಕ ತಾಗಿದೊಡನೆ ಬಣ್ಣ ಮತ್ತೆ ನೀಲಿಗೆ ತಿರುಗಿ ನೂಲಿಗೆ ಅಂಟುತ್ತದೆ. ಆದರೆ ಅದು ಕೂರುವುದು ಹೆಚ್ಚಾಗಿ ಹೊರಮೈಯಲ್ಲಿ. ನೂಲಿನ ತಿರುಳು ಬಿಳಿಯಾಗಿಯೇ ಉಳಿಯುತ್ತದೆ. ಹೊರಗೆ ಕೂತ ಬಣ್ಣ ಉಜ್ಜಿದಂತೆಲ್ಲ ಉದುರುತ್ತದೆ. ಜೀನ್ಸ್ ಮಾಸುತ್ತ ಸೊಗಸಾಗುವುದಕ್ಕೂ, ಹೊಲಿಯುವವರ ಬೆರಳು ನೀಲಿಯಾಗುವುದಕ್ಕೂ, ಹುಡುಗನ ಅಂಗಿ ಕೆಟ್ಟದ್ದಕ್ಕೂ ಇದೊಂದೇ ಕಾರಣ.

ನೀಲಿಯ ಕೆಲಸ ಮುಗಿದ ಮೇಲೆ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆದು, ಒಗೆದ ಹಳೆಯ ಪಂಚೆಯೊಂದನ್ನು ಹಾಸಿ ಬಿಳಿ ಬಟ್ಟೆ ಮುಟ್ಟಿದ್ದರೆ ಸಾಕಿತ್ತು. ಎರಡು ನಿಮಿಷದ ಕೆಲಸ. ಹೊಲಿಗೆಯ ಕೋಣೆಯ ಅಚ್ಚುಕಟ್ಟುತನ ನೆಂಟರಿಗೆ ತೋರಿಸಲು ಮಾಡುವ ಸಿಂಗಾರವಲ್ಲ, ಅದು ಹೊಲಿಗೆಯದೇ ಒಂದು ಭಾಗ.

ಕಟ್ಟು ಕಲೆಸಿದರೆ ಕೂಲಿ ಖೋತಾ

ಬಳ್ಳಾರಿ ಜೀನ್ಸ್ ಎಂದರೆ ದೂರದ ಊರುಗಳಲ್ಲೂ ಗುರುತು ಹಿಡಿಯುತ್ತಾರೆ. ಇಲ್ಲಿ ಕತ್ತರಿಸುವುದು ಒಂದು ಕಡೆ, ಹೊಲಿಯುವುದು ಇನ್ನೊಂದು ಕಡೆ, ಒಗೆದು ಮಾಸಿಸುವುದು ಮತ್ತೊಂದು ಕಡೆ. ಹೊಲಿಗೆಯ ಪಾಲು ಎಷ್ಟೋ ಸಣ್ಣ ಘಟಕಗಳಿಗೂ ಮನೆಗಳಿಗೂ ಬರುತ್ತದೆ. ಒಂದು ಪ್ಯಾಂಟಿಗೆ ಮುಂಭಾಗ ಎರಡು, ಹಿಂಭಾಗ ಎರಡು, ಅದರ ಮೇಲೆ ಕೂರುವ ಯೋಕ್ ಎರಡು, ಜೇಬುಗಳು, ಸೊಂಟದ ಪಟ್ಟಿ, ಬೆಲ್ಟಿನ ಲೂಪುಗಳು. ಹೀಗೆ ಹತ್ತು ಹದಿನೈದಕ್ಕೂ ಹೆಚ್ಚು ತುಂಡುಗಳು ಕಟ್ಟಿನಲ್ಲಿರುತ್ತವೆ.

ಒಂದು ಥಾನಿನ ನೀಲಿಗೂ ಇನ್ನೊಂದರ ನೀಲಿಗೂ ಕೂದಲೆಳೆಯ ವ್ಯತ್ಯಾಸ ಇರಬಹುದು. ಹೊಲಿಯುವಾಗ ಅದು ಕಣ್ಣಿಗೆ ಬೀಳದು. ಒಗೆದು ಬಂದಾಗ ಎಡಗಾಲು ಒಂದು ನೀಲಿ, ಬಲಗಾಲು ಇನ್ನೊಂದು ನೀಲಿ! ತುಂಡುಗಳಿಗೆ ನಂಬರಿನ ಚೀಟಿ ಅಂಟಿಸುವುದು ಈ ಕಾರಣಕ್ಕೇ. ಒಂದು ಕಟ್ಟು ಮುಗಿಯುವ ಮೊದಲೇ ಮತ್ತೊಂದನ್ನು ಬಿಚ್ಚಿ ಹರಡಿಕೊಂಡರೆ ಚೀಟಿ ಇದ್ದೂ ಇಲ್ಲದಂತಾಗುತ್ತದೆ. ಪೀಸಿಗಿಷ್ಟು ಎಂದು ಕೂಲಿ ಪಡೆಯುವವರಿಗೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿದ ಹೊತ್ತು ಬರಿದೇ ನಷ್ಟ.

ಜೀನ್ಸ್ ಹೊಲಿಯದ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಸಿರುಗುಪ್ಪದಲ್ಲಿ ಮದುವೆಯ ಕಾಲ ಮುಗಿಯುವಷ್ಟರಲ್ಲಿ ಶಾಲೆಯ ಸಮವಸ್ತ್ರದ ಕೆಲಸ ಬಂದು ನಿಲ್ಲುತ್ತದೆ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಜಾತ್ರೆ ಹತ್ತಿರ ಬಂತೆಂದರೆ ಕುಬಸ ಹೊಲಿಯುವವರಿಗೆ ಊಟಕ್ಕೂ ಪುರಸತ್ತಿಲ್ಲ. ಆಗ ಒಬ್ಬರ ಲೈನಿಂಗು ಇನ್ನೊಬ್ಬರ ಕುಬಸಕ್ಕೆ ಸೇರುವುದು, ಅಳತೆಯ ಕುಬಸ ಕಳೆಯುವುದು ಸುಲಭ. ಒಬ್ಬರ ಬಟ್ಟೆ, ಲೈನಿಂಗು, ಅಳತೆಯ ಕುಬಸ, ಹುಕ್ಕು, ಜೋಡಿಯ ದಾರ ಎಲ್ಲವೂ ಒಂದೇ ಚೀಲದಲ್ಲಿರಲಿ. ಹೆಸರು, ಅಳತೆ, ಕೊಡಬೇಕಾದ ದಿನ ಬರೆದ ಚೀಟಿ ಆ ಚೀಲಕ್ಕೇ ಪಿನ್ನಾಗಲಿ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಚೀಲ.

ಸೂಜಿ, ಎಣ್ಣೆ, ಇಸ್ತ್ರಿ

ಸೂಜಿಯ ಪೊಟ್ಟಣದ ಮೇಲೆ 75/11, 90/14, 100/16 ಎಂದು ಜೋಡಿ ಅಂಕಿ ಇರುತ್ತದೆ. ದೊಡ್ಡ ಅಂಕಿ ಸೂಜಿಯ ದಪ್ಪ. 90 ಎಂದರೆ 0.90 ಮಿಲಿಮೀಟರ್. ತೆಳು ಬಟ್ಟೆಗೆ 11, ಸಾಧಾರಣ ಹತ್ತಿ ಬಟ್ಟೆಗೆ 14, ಜೀನ್ಸಿಗೆ 16 ಅಥವಾ 18ನೇ ನಂಬರು. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದರೆ ಕಣ್ಣಳತೆಯಲ್ಲಿ ಗುರುತು ಸಿಗದು. ತೆಳು ಸೂಜಿ ಜೀನ್ಸಿನ ನಾಲ್ಕು ಪದರಕ್ಕೆ ಬಡಿದರೆ ಮುರಿದು ಸಿಡಿಯುತ್ತದೆ, ಕಣ್ಣಿಗೇ ಅಪಾಯ. ಆದ್ದರಿಂದ ಪ್ರತಿ ನಂಬರೂ ಅದರದೇ ಪೊಟ್ಟಣದಲ್ಲಿರಲಿ.

ಮುರಿದ ಸೂಜಿಯ ಚೂರುಗಳನ್ನೆಲ್ಲ ಹುಡುಕಿ ಜೋಡಿಸಿ ನೋಡಿದ ಮೇಲೇ ಕೆಲಸ ಮುಂದುವರಿಸಬೇಕೆಂಬ ನಿಯಮ ರಫ್ತಿನ ಗಾರ್ಮೆಂಟ್ಸ್‌ಗಳಲ್ಲಿದೆ. ಮನೆಯಲ್ಲಿ ಅದು ಇನ್ನೂ ಅಗತ್ಯ. ಆ ನೆಲದ ಮೇಲೆಯೇ ಅಲ್ಲವೆ ಕೂಸು ಅಂಬೆಗಾಲಿಡುವುದು? ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದರೆ ಬಿದ್ದ ಪಿನ್ನು, ಸೂಜಿ ಅಂಟಿ ಬರುತ್ತವೆ. ಸಿಕ್ಕ ಚೂರು ಮುಚ್ಚಳವಿರುವ ಡಬ್ಬಿಗೆ ಹೋಗಲಿ.

ಮಷಿನ್ನಿಗೆ ಕೊಬ್ಬರಿ ಎಣ್ಣೆ ಬಿಡುವ ರೂಢಿ ಕೆಲವರಿಗಿದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಬಳ್ಳಾರಿಯ ಬಿಸಿಲು ಎಷ್ಟೇ ಖಡಕ್ಕಾಗಿದ್ದರೂ ಡಿಸೆಂಬರಿನ ರಾತ್ರಿ ಅದಕ್ಕಿಂತ ತಂಪು. ಹೆಪ್ಪಿಗೆ ನೂಲಿನ ಧೂಳು ಸೇರಿದರೆ ಅಂಟು. ಹೊಲಿಗೆ ಮಷಿನ್ನಿನ ಎಣ್ಣೆಯನ್ನೇ ಹನಿ ಲೆಕ್ಕದಲ್ಲಿ ಬಿಡಬೇಕು. ಬಿಟ್ಟ ಮೇಲೆ ಚಿಂದಿಯ ಮೇಲೆ ನಾಲ್ಕು ಹೊಲಿಗೆ ಹಾಕಿ ಹೆಚ್ಚಿನ ಎಣ್ಣೆ ತೆಗೆಯಬೇಕು. ಸೂಜಿಯ ಕೆಳಗಿನ ಹಲ್ಲುಗಳ ಸಂದಿಯ ಧೂಳನ್ನು ಬಾಯಿಂದ ಊದಬಾರದು. ಉಸಿರಿನ ತೇವ ಕಬ್ಬಿಣಕ್ಕೆ ತುಕ್ಕು, ಹಾರಿದ ಧೂಳು ಎದೆಗೆ ಕೆಮ್ಮು. ಸಣ್ಣ ಬ್ರಷ್ಷು ಸಾಕು.

ಇನ್ನು ಇಸ್ತ್ರಿ ಪೆಟ್ಟಿಗೆ. ಕರೆಂಟು ಹೋದಾಗ ಅದನ್ನು ಬಟ್ಟೆಯ ಮೇಲೆಯೇ ಬಿಟ್ಟು ಎದ್ದು ಹೋಗುವುದುಂಟು. ಕರೆಂಟು ಬಂದಾಗ ಕೋಣೆಯಲ್ಲಿ ಯಾರೂ ಇರುವುದಿಲ್ಲ. ದಿಮ್ಮಿಗಿಂತ ಸಿಪ್ಪೆ ಬೇಗ ಹೊತ್ತಿಕೊಳ್ಳುವಂತೆ, ಗಾಳಿಗೆ ತೆರೆದ ಮೈ ಹೆಚ್ಚಿರುವ ಚಿಂದಿ, ನೂಲಿನ ಧೂಳು ಬೇಗ ಹೊತ್ತುತ್ತವೆ. ಕರೆಂಟು ಹೋದ ಕ್ಷಣವೇ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಪೆಟ್ಟಿಗೆಯನ್ನು ನಿಲ್ಲಿಸಿಡುವುದು ಮನೆಯ ಕಾಯಿದೆಯಾಗಲಿ.

ಮುಗಿದ ಮೇಲಲ್ಲ, ನಡುವೆಯೇ

"ಎಲ್ಲ ಮುಗೀಲಿ, ಆಮ್ಯಾಲೆ ಕಸ ಹೊಡೆದ್ರಾತು" ಎಂಬುದು ಎಲ್ಲ ಮನೆಗಳ ಮಾತು. ಆದರೆ ಹೊಲಿಗೆ ಮುಗಿಯುವುದೆಂದು? ಎರಡನೇ ಮಹಾಯುದ್ಧದ ನಂತರ ಜಪಾನಿನ ಕಾರ್ಖಾನೆಗಳಲ್ಲಿ ಬೆಳೆದು ಲೋಕಕ್ಕೆಲ್ಲ ಹಬ್ಬಿದ ಐದು ಸೂತ್ರಗಳು ಹೀಗಿವೆ: ಬೇಡದ್ದನ್ನು ತೆಗೆ, ಬೇಕಾದ್ದಕ್ಕೆ ಜಾಗ ಗೊತ್ತುಮಾಡು, ಶುಚಿಮಾಡು, ಅದನ್ನೇ ಪದ್ಧತಿಯಾಗಿಸು, ಪದ್ಧತಿಯನ್ನು ಬಿಡದೆ ನಡೆಸು. ಮೊದಲ ಮೂರು ಯಾರಿಗಾದರೂ ಸಾಧ್ಯ. ಕಷ್ಟವಿರುವುದು ಕೊನೆಯ ಎರಡರಲ್ಲಿ.

ಅದಕ್ಕೆ ಮಷಿನ್ನೇ ಒಂದು ಗಂಟೆ ಬಾರಿಸುತ್ತದೆ. ಬಾಬಿನ್ನಿನ ದಾರ ಮುಗಿದಾಗ ಕೈ ಹೇಗೂ ನಿಲ್ಲಲೇಬೇಕು. ಹೊಸ ದಾರ ಸುತ್ತುವ ಮೊದಲು ಒಂದೇ ನಿಮಿಷ: ಕತ್ತರಿ ಅದರ ಮೊಳೆಗೆ, ಚಾಕು, ಟೇಪು ಡಬ್ಬಿಗೆ, ತುಂಡು ದಾರ ಕಸದ ಬುಟ್ಟಿಗೆ, ಹೊಲಿದದ್ದು ಎಡಕ್ಕೆ, ಹೊಲಿಯಬೇಕಾದದ್ದು ಬಲಕ್ಕೆ. ಹೀಗೆ ಮಾಡಿದವರಿಗೆ ರಾತ್ರಿ ಕಸದ ರಾಶಿ ಎದುರಾಗುವುದಿಲ್ಲ.

ಚಿಂದಿಯೂ ಕಸವಲ್ಲ. ಈ ಸೀಮೆಯ ಅಜ್ಜಿಯರು ಹಳೆ ಸೀರೆ, ಚಿಂದಿ ಜೋಡಿಸಿ ಕೌದಿ ಹೊಲಿದವರು. ಹಗುರ ಹತ್ತಿಯ ತುಂಡು ಕೌದಿಗೆ, ದಪ್ಪ ಜೀನ್ಸಿನ ತುಂಡು ಚೀಲಕ್ಕೆ, ಕಾಲೊರೆಸಿಗೆ ಎಂದು ಎರಡು ಗಂಟು ಕಟ್ಟಿಟ್ಟರೆ ಕೋಣೆಯೂ ಚೊಕ್ಕಟ, ಕೈಗೂ ಕೆಲಸ.

ಮಕ್ಕಳಿಗೂ ಇದರಲ್ಲಿ ಪಾಲಿದೆ. ಅಯಸ್ಕಾಂತ ಎಳೆಯುವುದು, ಚೀಟಿ ಬರೆಯುವುದು, ದಾರದ ರೀಲುಗಳನ್ನು ಬಣ್ಣಕ್ಕೆ ತಕ್ಕಂತೆ ಜೋಡಿಸುವುದು ಅವರಿಂದಾಗುವ ಕೆಲಸ. ಬ್ಲೇಡು, ಕತ್ತರಿ, ಇಸ್ತ್ರಿ ದೊಡ್ಡವರಿಗಿರಲಿ. ಪ್ರತಿಯಾಗಿ ದೊಡ್ಡವರೂ ಒಂದು ಮಾತು ಕೊಡಬೇಕು: ಮೇಜಿನ ಒಂದು ಮೂಲೆ ಪುಸ್ತಕಕ್ಕೆ ಮೀಸಲು, ಅಲ್ಲಿ ಜೀನ್ಸಿನ ಕಟ್ಟು ಇಳಿಸುವಂತಿಲ್ಲ. ಪ್ರಯೋಗಶಾಲೆಯಲ್ಲಿ ಬಳಸಿದ ಸೀಸೆಯನ್ನು ಅದರ ಜಾಗಕ್ಕೇ ಇಡು ಎಂದು ಶಾಲೆ ಹೇಳುವ ಪಾಠವನ್ನು ತಾಯಿ ಮಷಿನ್ನಿನ ಮುಂದೆ ದಿನವೂ ನಡೆಸಿ ತೋರಿಸುತ್ತಿರುತ್ತಾಳೆ.

ಆ ಹುಡುಗ ಕಲೆಯ ಅಂಗಿಯಲ್ಲೇ ಶಾಲೆಗೆ ಹೋದಾನು. ಆದರೆ ಮುಂದಿನ ಜೂನಿನಲ್ಲಿ ಮೇಜಿನ ಮೇಲೆ ಒಗೆದ ಪಂಚೆ ಹಾಸಿ, "ಯವ್ವಾ, ಮೊದ್ಲು ಕೈ ತೊಳಕೊ" ಎಂದು ನೆನಪಿಸುವವನೂ ಅವನೇ.