ಏಕಾಂತನೀತಿಯೂ ಏಕಪಕ್ಷನೀತಿಯೂ

ಅಮೆರಿಕಾ ಸಂಯುಕ್ತ ಸಂಸ್ಥಾನದ ಸಂಪ್ರದಾಯಪಕ್ಷದವರ ಪರರಾಷ್ಟ್ರನೀತಿಯ ಮಾತು ಬಂದಾಗಲೆಲ್ಲ ಅದನ್ನು ‘ಏಕಾಂತನೀತಿ’ ಎಂಬ ಒಂದೇ ಹೆಸರಿನಿಂದ ಕರೆದುಬಿಡುವುದು ನಮ್ಮ ವಿದ್ಯಾವಂತರಲ್ಲಿ ವಾಡಿಕೆಯಾಗಿದೆ. ಈ ಹೆಸರಿನ ಮರೆಯಲ್ಲಿ ಎರಡು ಬೇರೆ ಬೇರೆ ಮನೋವೃತ್ತಿಗಳು ಅಡಗಿವೆಯೆಂದು ನಾವು ಹೇಳಬೇಕಾಗಿದೆ. ಊರ ಜಗಳ ತನಗೇಕೆಂದು ಬಾಗಿಲು ಹಾಕಿಕೊಂಡು ಕುಳಿತವನು ಒಬ್ಬ. ಊರ ವ್ಯವಹಾರಕ್ಕೆಲ್ಲ ಕೈಹಾಕಿಯೂ ಪಂಚಾಯಿತಿಯ ಮಾತಿಗೆ ಕಟ್ಟುಬೀಳೆನೆನ್ನುವವನು ಇನ್ನೊಬ್ಬ. ಮೊದಲಿನವನದು ಏಕಾಂತನೀತಿ, ಎರಡನೆಯವನದು ಏಕಪಕ್ಷನೀತಿ.

1919ನೆಯ ಇಸವಿಯ ವರ್ಸೇಲ್ಸ್ ಕೌಲನ್ನು ನೋಡೋಣ. ಅಧ್ಯಕ್ಷ ವಿಲ್ಸನ್ನರು ತಂದ ಆ ಕೌಲಿನಲ್ಲಿಯೇ ರಾಷ್ಟ್ರಸಂಘದ ನಿಬಂಧನೆಗಳೂ ಸೇರಿದ್ದುವು. ಅವುಗಳಲ್ಲಿ 10ನೆಯ ವಿಧಿಯಂತೆ ಸದಸ್ಯರಾಷ್ಟ್ರಗಳು ಒಂದರ ಗಡಿಯನ್ನು ಇನ್ನೊಂದು ಪರರ ಆಕ್ರಮಣದಿಂದ ಕಾಪಾಡತಕ್ಕುದು. ಸೆನೆಟ್ ಸಭೆಯಲ್ಲಿ ಇದನ್ನು ವಿರೋಧಿಸಿದವರೆಲ್ಲರೂ ಒಂದೇ ಬಗೆಯವರಾಗಿರಲಿಲ್ಲ. ಐಡಾಹೊ ಪ್ರಾಂತದ ಬೋರಾ ಅವರಿಗೆ ಸಂಘವೇ ಬೇಡ. ಯಾವ ತಿದ್ದುಪಡಿಗೂ ಅವರು ಒಲಿಯುವಂತಿರಲಿಲ್ಲ. ಮಸಾಚುಸೆಟ್ಸಿನ ಹೆನ್ರಿ ಕ್ಯಾಬಟ್ ಲಾಜ್ ಅವರಾದರೋ 1898ರ ಸ್ಪೇನ್ ಯುದ್ಧವನ್ನೂ ಫಿಲಿಪೈನ್ಸ್ ದ್ವೀಪಗಳ ಸ್ವಾಧೀನವನ್ನೂ ಸಮರ್ಥಿಸಿದವರು. 1917ರಲ್ಲಿ ಜರ್ಮನಿಯ ಮೇಲಣ ಯುದ್ಧಕ್ಕೂ ಬೆಂಬಲ ಕೊಟ್ಟವರು. ಇಂಥವರನ್ನು ಏಕಾಂತವಾದಿಗಳೆಂದು ಹೇಗೆ ಕರೆಯೋಣ? ಸೈನ್ಯವನ್ನು ಎಂದು, ಎಲ್ಲಿಗೆ ಕಳುಹಬೇಕೆಂಬುದು ವಾಷಿಂಗ್‌ಟನ್ನಿನಲ್ಲಿ ನಿಶ್ಚಯವಾಗಬೇಕೇ ಹೊರತು ಜಿನೀವದಲ್ಲಲ್ಲ ಎಂಬುದೇ ಅವರ ಆಕ್ಷೇಪಣೆಯ ತಿರುಳು. 1919ರಲ್ಲಿ ಅವರು 14 ಷರತ್ತುಗಳನ್ನೊಡ್ಡಿದರು, ವಿಲ್ಸನ್ನರು ಮಣಿಯಲಿಲ್ಲ. 1920ರ ಮಾರ್ಚ್ 19ರಂದು ಷರತ್ತುಗಳೊಡನೆ ಕೌಲು ಮತ್ತೆ ಮತಕ್ಕೆ ಬಂದಾಗ ಪರವಾಗಿ 49, ವಿರೋಧವಾಗಿ 35 ಮತಗಳು ಬಿದ್ದುವು. ಮೂರರಲ್ಲಿ ಎರಡು ಪಾಲಿಗೆ 7 ಮತ ಸಾಲದೆ ಕೌಲು ಮುರಿದುಹೋಯಿತು. ಬೋರಾ ಪಕ್ಷದವರೂ ವಿಲ್ಸನ್ನರ ನಿಷ್ಠಾವಂತರೂ ಕೂಡಿಯೇ ಅದನ್ನು ಕೆಡವಿದರೆಂಬುದು ವಿಚಿತ್ರವಾದರೂ ನಿಜ.

ಅನಂತರದ ಕಾಲವನ್ನು ಏಕಾಂತದ ಕಾಲವೆನ್ನುವರು. ಯೂರೋಪಿನ ಮಟ್ಟಿಗೆ, 1935ರಿಂದ ಬಂದ ತಟಸ್ಥತೆಯ ಶಾಸನಗಳನ್ನು ನೋಡಿದರೆ, ಅದು ಒಪ್ಪತಕ್ಕ ಮಾತೇ. ಆದರೆ ಹೈಟಿಯಲ್ಲಿ 1934ರವರೆಗೂ ಅಮೆರಿಕದ ಸೇನೆ ಬೀಡುಬಿಟ್ಟಿತ್ತು. ಹೈಟಿಯ ಪ್ರಜೆಗೆ ಈ ಏಕಾಂತದ ಸುಖ ತಿಳಿದಿರಲಾರದು!

ಇದು ಬರಿಯ ಶಬ್ದಚರ್ಚೆಯಲ್ಲ. ಏಕಾಂತವಾದಿಯಿಂದ ದುರ್ಬಲರಾಷ್ಟ್ರಕ್ಕೆ ನೆರವು ಬಾರದು. ಏಕಪಕ್ಷವಾದಿಯಾದರೋ ಕರೆಯದೆಯೇ ಬರಬಹುದು, ಕರೆದರೂ ಬಾರದಿರಬಹುದು. ಕ್ಷಿಪಣಿನಿರೋಧಕಗಳಿಗೆ ಮಿತಿ ಹಾಕಿದ್ದ 1972ರ ಒಪ್ಪಂದದಿಂದ ಕಿರಿಯ ಬುಷ್ ಅವರ ಸರ್ಕಾರ 2002ರಲ್ಲಿ ತಾನಾಗಿ ಹೊರಬಂದಿತು; ಮರುವರ್ಷ ಭದ್ರತಾ ಮಂಡಲಿಯ ಹೊಸ ಸಮ್ಮತಿಗೆ ಕಾಯದೆ ಇರಾಕಿನ ಮೇಲೆ ದಂಡೆತ್ತಿತು. ಬ್ರಿಟನ್ ಮೊದಲಾದ ದೇಶಗಳು ಜೊತೆಗಿದ್ದುವು. ತಡೆಯುವ ಅಧಿಕಾರ ಮಾತ್ರ ಅವುಗಳಲ್ಲಿ ಯಾವುದಕ್ಕೂ ಇರಲಿಲ್ಲ. ಈ ಯುದ್ಧವನ್ನು ಬಲವಾಗಿ ಖಂಡಿಸಿದವರಲ್ಲಿ ಸಂಪ್ರದಾಯಪಕ್ಷದವರೇ ಆದ, ಹಳೆಯ ಏಕಾಂತಪರಂಪರೆಯ ಪ್ಯಾಟ್ರಿಕ್ ಬ್ಯುಕ್ಯಾನನ್ ಅವರೂ ಇದ್ದರು.