ಶೇಂಗಾ ಸಿಪ್ಪೆಯಿಂದ ಪಟ್ಟಣದ ಕುಂಡದ ತೋಟಗಳಿಗೆ ಗೊಬ್ಬರದ ಮಣ್ಣು

ಚಳ್ಳಕೆರೆ ತಾಲ್ಲೂಕು ದೊಡ್ಡಉಳ್ಳಾರ್ತಿ ಮತ್ತು ಸುತ್ತಲಿನ ಗ್ರಾಮಗಳ ಹಿಡುವಳಿದಾರರಿಗೂ ಮುಖಂಡರಿಗೂ ತಿಳಿಯಪಡಿಸುವುದೇನೆಂದರೆ:

ಈ ಸೀಮೆಯಲ್ಲಿ ಮಳೆ ಅಲ್ಪ. ಖುಷ್ಕಿ ಜಮೀನಿನಲ್ಲಿ ಶೇಂಗಾ ಪೈರೇ ಮುಖ್ಯ. ೧೦೦ ಕಿಲೋ ಕಾಯಿ ಒಡೆಸಿದರೆ ಸುಮಾರು ೨೫ರಿಂದ ೩೦ ಕಿಲೋ ಸಿಪ್ಪೆ ಉಳಿಯುತ್ತದೆ. ಅದರಲ್ಲಿ ಬಹುಪಾಲು ಇಟ್ಟಿಗೆಗೂಡಿಗೂ ಬಾಯ್ಲರಿಗೂ ಸೌದೆಯಾಗಿ ಹೋಗುತ್ತದೆ. ಇತ್ತ ಬೆಂಗಳೂರು ಮೊದಲಾದ ಪಟ್ಟಣಗಳಲ್ಲಿ ಮನೆಯ ಮಾಳಿಗೆಯ ಮೇಲೆ ಕುಂಡಗಳಲ್ಲಿ ತರಕಾರಿ ಬೆಳೆಯುವವರಿಗೆ ಮಣ್ಣಿನದೇ ಚಿಂತೆ. ನೆನೆದ ಮಣ್ಣು ಲೀಟರಿಗೆ ಒಂದೂವರೆ ಕಿಲೋಗಿಂತಲೂ ಹೆಚ್ಚು ತೂಗುವುದರಿಂದ ಮಾಳಿಗೆಗೆ ಭಾರ. ಕುಂಡದಲ್ಲಿ ಬೇಗ ಗಟ್ಟಿಯಾಗಿ ಬೇರಿಗೆ ಗಾಳಿಯೂ ದೊರೆಯದು. ಚೆನ್ನಾಗಿ ಕಳಿತ ಸಿಪ್ಪೆ ಹಗುರ, ನೀರನ್ನು ನಿಲ್ಲಗೊಡದು.

ಆದರೆ ಹಸಿ ಸಿಪ್ಪೆಯನ್ನು ಮೂಟೆ ಕಟ್ಟಿ ಮಾರಬಾರದು. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸೇರಬೇಕಾದ ಸಾರಜನಕವನ್ನು ತಾವೇ ಹೀರುವುದರಿಂದ ಗಿಡ ಹಳದಿಯಾಗಿ ನಿಂತುಬಿಡುತ್ತದೆ. ಇದಲ್ಲದೆ ನಮ್ಮ ಹೊಲಗಳಲ್ಲಿ ಶೇಂಗಾ ಸಸಿಯ ಬುಡವನ್ನು ಕೊಳೆಯಿಸುವ ಶಿಲೀಂಧ್ರಗಳು ಸಿಪ್ಪೆಗೆ ಅಂಟಿರುವುದುಂಟು. ಒಮ್ಮೆ ಕೊಂಡು ಕೆಟ್ಟವನು ಮತ್ತೆ ನಮ್ಮ ಊರಿನ ಮಾಲನ್ನು ಮುಟ್ಟುವನೇ?

ಆದುದರಿಂದ ಸಿಪ್ಪೆಯನ್ನು ಸಾಧ್ಯವಾದಷ್ಟು ನುರಿಸಿ, ಒಂದು ದಿವಸ ನೆನೆಯಿಸಿ, ನೆರಳಿನಲ್ಲಿ ಅರ್ಧ ಅಡಿಯ ಪದರಗಳಾಗಿ ಹರಡತಕ್ಕದ್ದು. ಪ್ರತಿ ಪದರದ ಮೇಲೆ ಸೆಗಣಿಯ ಬಗ್ಗಡವನ್ನೂ ಹಿಡಿಯಷ್ಟು ಹಳೆಯ ಗೊಬ್ಬರವನ್ನೂ ಎರಚಬೇಕು. ಸೆಗಣಿ ಸಾಲದಿದ್ದಲ್ಲಿ ಟನ್ನಿಗೆ ೫ ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಬಹುದು. ರಾಶಿ ನಾಲ್ಕು ಅಡಿ ಎತ್ತರವಿರಲಿ. ಇದಕ್ಕಿಂತ ಗಿಡ್ಡವಾದರೆ ಕಾವು ಹುಟ್ಟದು. ಒಳಗಿನ ಕಾವು ೫೫ ಡಿಗ್ರಿ ಸೆಂಟಿಗ್ರೇಡ್ ಮೀರಿ ಕೆಲವು ದಿವಸ ನಿಂತರೆ ರೋಗದ ಬೀಜ ಬಹಳಮಟ್ಟಿಗೆ ಸಾಯುತ್ತದೆ. ಹೊರಮೈ ಒಳಗೂ ಒಳಭಾಗ ಹೊರಗೂ ಬರುವಂತೆ ಹದಿನೈದು ದಿವಸಕ್ಕೊಮ್ಮೆ ಮಗುಚಬೇಕು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಉಪ್ಪುನೀರಿನ ಕೊಳವೆಬಾವಿಯಿಂದ ಮಾತ್ರ ನೀರು ಹಾಯಿಸಬೇಡಿರಿ.

ಮಗುಚುವ ಈ ಕ್ರಮವನ್ನು ಆಲ್ಬರ್ಟ್ ಹೋವರ್ಡ್ ಎಂಬವರು ಇಂದೋರಿನಲ್ಲಿ ರೂಢಿಸಿ ೧೯೩೧ರಲ್ಲಿ ಪ್ರಕಟಿಸಿದರು. ೧೯೩೯ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ಕ್ರಮದಲ್ಲಿ ಗುಂಡಿ ತುಂಬಿ ಮೇಲೆ ಮಣ್ಣು ಮೆತ್ತಿಬಿಡುವುದರಿಂದ ನೀರೂ ಕೂಲಿಯೂ ಉಳಿಯುತ್ತವೆ. ಸ್ವಂತ ಹೊಲಕ್ಕೆ ಬೇಕಾದ ಗೊಬ್ಬರಕ್ಕೆ ಈ ಬರಸೀಮೆಯಲ್ಲಿ ಅದೇ ಮೇಲು. ಮಾರುವ ಮಾಲಿಗಾದರೋ ಕಾವು ಎಲ್ಲ ಕಡೆಗೂ ತಟ್ಟಬೇಕಾದ್ದರಿಂದ ಮಗುಚುವ ಶ್ರಮವನ್ನು ತಪ್ಪಿಸುವಂತಿಲ್ಲ.

ಸಿಪ್ಪೆ ಗಡಸಾದ ಕಾರಣ ನಾಲ್ಕು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಕಪ್ಪಗಾಗಿ, ಬಿಸಿ ಆರಿ, ಮಳೆ ಬಿದ್ದ ನೆಲದ ವಾಸನೆ ಬಂದಾಗ ಜರಡಿ ಹಿಡಿದು, ಒಂದು ಕುಂಡದಲ್ಲಿ ಹೆಸರುಕಾಳು ಬಿತ್ತಿ ನೋಡತಕ್ಕದ್ದು. ಸಸಿ ವಾರದೊಳಗೆ ಹಸುರಾಗಿ ಎದ್ದರೆ ಮೂಟೆ ಕಟ್ಟಬಹುದು; ಬಾಡಿದರೆ ರಾಶಿ ಇನ್ನೂ ಕಳಿಯಬೇಕು. ಎರಡು ಪಾಲು ಗೊಬ್ಬರಕ್ಕೆ ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿದರೆ ಕುಂಡಕ್ಕೆ ಒಪ್ಪುತ್ತದೆ. ಪುಡಿಯು ಹೊಸದುರ್ಗ, ಹಿರಿಯೂರುಗಳಂಥ ತೆಂಗಿನ ಸೀಮೆಯಿಂದ ಬರಬಹುದು; ಅದರ ಉಪ್ಪು ಹೋಗುವಂತೆ ಎರಡು ಮೂರು ಸಲ ತೊಳೆಯಬೇಕು.

ಶೇಂಗಾ ಬಳ್ಳಿಯನ್ನು ಈ ರಾಶಿಗೆ ಹಾಕಕೂಡದು. ಅದು ದನಕುರಿಗಳ ಮೇವು. ಸಿಪ್ಪೆಯಲ್ಲಿಯೂ ಅರ್ಧವನ್ನಾದರೂ ಸ್ವಂತ ಹೊಲಕ್ಕೆ ಉಳಿಸಿಕೊಂಡು ಮಿಕ್ಕದ್ದನ್ನು ಮಾತ್ರ ಪಟ್ಟಣಕ್ಕೆ ಕಳುಹಿಸುವುದು. ಒಬ್ಬೊಬ್ಬರ ಸಿಪ್ಪೆ ಲಾರಿ ಬಾಡಿಗೆಗೆ ಗಿಟ್ಟದಾದ್ದರಿಂದ ಮುಖಂಡರು ನಾಲ್ಕಾರು ಮನೆಗಳ ರಾಶಿಯನ್ನು ಒಂದೇ ಕಣದಲ್ಲಿ ಹಾಕಿಸುವುದು ಲೇಸು.